ಹಾಗಲ್ಲ ಮಾರಾಯ್ತಿ

ಹಿರಿಯರ ಬಾಯಿಂದ ಮನೆತನದ ಕಥೆಗಳನ್ನು ರೆಕಾರ್ಡ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಹಿರಿಯಡ್ಕದ ನಮ್ಮ ಮನೆಗೆ ಬರುತ್ತಾರೆ. ಯಾವ ಮೈಕ್ ಒಳ್ಳೆಯದು ಎಂದು ಕೇಳುತ್ತಾರೆ. ಮೈಕಿನ ವಿಷಯ ಆಮೇಲೆ, ಮೊದಲು ಬೆಲ್ಲ ತಿಂದು ನೀರು ಕುಡಿಯಲು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ಇದು ನಗುವ ವಿಷಯವಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಂದವರ ಮುಂದೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಬಂದು ಕೂರುತ್ತದೆ. ಈಗಷ್ಟೇ ಕುಡಿದು ಬಂದೆ, ಬೇಡ ಎಂದಿರೋ, ಆ ಮನೆಯ ಅಜ್ಜಿ ನಿಮಗೆ ಮಳೆಯ ಸುದ್ದಿ ಬಿಟ್ಟು ಬೇರೇನೂ ಹೇಳುವುದಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂದ ಮೇಲೂ ಬೆಲ್ಲ ಬಿಟ್ಟವಳಲ್ಲ. ಡಾಕ್ಟರು ಬೈದಾಗ, ಇದು ಆಫೀಸಿನ ಕೆಲಸ ಸಾರ್ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ.

ನಾನು ಮಣಿಪಾಲದ ಒಂದು ಕಾಲೇಜಿನ ಧ್ವನಿ ಭಂಡಾರದಲ್ಲಿ ಕೆಲಸ ಮಾಡಿದವಳು. ಟೈಪಿಸ್ಟ್ ಆಗಿ ಸೇರಿದ್ದೆ. ಯಾರೋ ರಜೆ ಹಾಕಿದ ದಿನ ಕೈಗೆ ರೆಕಾರ್ಡರ್ ಕೊಟ್ಟರು, ಮತ್ತೆ ಅದನ್ನು ವಾಪಸು ಕೇಳುವವರೇ ಇರಲಿಲ್ಲ. ಯಾವ ಮನೆತನ ಎಲ್ಲಿಂದ ಬಂತು, ಯಾವ ಮಾವ ಯಾರೊಡನೆ ಮುನಿಸಿಕೊಂಡು ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದ, ಯಾವ ಅಜ್ಜಿ ಹಲಸಿನ ಮರದಿಂದ ಬಿದ್ದೂ ಬದುಕಿದಳು, ಇಂಥ ಸಂಗತಿಗಳನ್ನು ಅವರ ಬಾಯಿಂದಲೇ ಹೇಳಿಸಿ, ಒಂದು ಪ್ರತಿ ಮನೆಯವರಿಗೆ ಕೊಟ್ಟು ಒಂದನ್ನು ನಮ್ಮಲ್ಲಿ ಕಾಪಾಡಿ ಇಡುವುದು. ಇಷ್ಟಕ್ಕೆ ಸಂಬಳ ಕೊಡುತ್ತಾರೆ ಎಂದರೆ ನನ್ನ ತಾಯಿ ಕಡೆಯವರೆಗೂ ನಂಬಲಿಲ್ಲ. ಪಂಚಾದಿಕೆಗೆ, ಊರ ಹರಟೆಗೆ, ಯಾರಾದರೂ ಸಂಬಳ ಕೊಡುತ್ತಾರಾ ಎಂದು ಕೇಳುತ್ತಿದ್ದರು.

ನಮ್ಮ ಮುಖ್ಯಸ್ಥರು ಕಾಮತ್ ಸರ್. ತೆಳ್ಳಗಿನ ಮನುಷ್ಯ, ಇಸ್ತ್ರಿ ಅಂಗಿ, ಕುತ್ತಿಗೆಯಲ್ಲಿ ಸದಾ ಹೆಡ್‌ಫೋನ್. ಅವರ ಮೊದಲ ನಿಯಮ: ಒಂದು ಕೋಣೆ, ಒಬ್ಬರು, ಒಂದು ಧ್ವನಿ. ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಕೂರುವುದೆಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಎರಡನೆಯ ನಿಯಮ: ರೆಕಾರ್ಡ್ ಆದದ್ದನ್ನು ಕತ್ತರಿಸಬಾರದು. ಕೆಮ್ಮು, ಆಕಳಿಕೆ, ಪಕ್ಕದ ಮನೆಯ ನಾಯಿ, ಎಲ್ಲವೂ ಇರಬೇಕು. ಕತ್ತರಿ ಟೈಲರ್ ಅಂಗಡಿಯಲ್ಲಿರಲಿ ಎನ್ನುತ್ತಿದ್ದರು. ನಾಯಿ ಇರಬಹುದಾದರೆ ಫ್ಯಾನ್ ಯಾಕೆ ಇರಬಾರದು ಎಂದು ನಾನು ಒಮ್ಮೆ ಕೇಳಿದೆ. ನಾಯಿ ಆ ಮನೆಯದು, ಫ್ಯಾನ್ ಕಂಪೆನಿಯದು ಎಂದರು. ಎದ್ದು ಹೋಗಿ ಫ್ಯಾನ್ ಆರಿಸಿದೆ.

ಮೊದಲ ವರ್ಷ ಕಾಪುವಿನಲ್ಲಿ ಒಬ್ಬ ಹಳೆಯ ಮೀನುಗಾರರ ಮನೆಗೆ ಹೋಗಿದ್ದೆ. ಬಿರುಗಾಳಿಯಲ್ಲಿ ದಿಕ್ಕು ತಪ್ಪಿ, ಕೊನೆಗೆ ದೀಪಸ್ತಂಭದ ಬೆಳಕು ಕಂಡು ದಡ ಸೇರಿದ ಕಥೆಯನ್ನು ಅವರು ಕಣ್ಣಿಗೆ ಕಟ್ಟುವಂತೆ ಹೇಳಿದರು. ನಾನು ಬಾಯಿ ತೆರೆದು ಕೇಳಿದೆ. ಮುಗಿದ ಮೇಲೆ ನೋಡಿದರೆ ರೆಕಾರ್ಡರಿನ ಪಾಜ್ ಗುಂಡಿ ಒತ್ತಿಯೇ ಇತ್ತು, ಟೇಪು ಒಂದಿಂಚೂ ಮುಂದೆ ಹೋಗಿರಲಿಲ್ಲ. ಅಳು ಬರುವ ಹಾಗಾಯಿತು. ಅಜ್ಜ ಸ್ವಲ್ಪವೂ ಬೇಸರಿಸಲಿಲ್ಲ. ಒಳ್ಳೆಯದೇ ಆಯಿತು, ಮೊದಲು ಹೇಳಿದ್ದು ಅಷ್ಟು ಸರಿಯಾಗಿರಲಿಲ್ಲ ಎಂದು ಮತ್ತೆ ಶುರುಮಾಡಿದರು. ಎರಡನೆಯ ಸಲ ಗಾಳಿ ಹೆಚ್ಚಾಗಿತ್ತು, ಅಲೆ ತೆಂಗಿನ ಮರದಷ್ಟಾಗಿತ್ತು, ದೋಣಿಯಲ್ಲಿ ಮೊದಲು ಇಲ್ಲದ ಒಂದು ಬೆಕ್ಕೂ ಇತ್ತು. ಭಂಡಾರದಲ್ಲಿ ಇರುವುದು ಬೆಕ್ಕಿನ ಕಥೆಯೇ.

ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಒಬ್ಬ ಅಜ್ಜಿಯದು ಇನ್ನೊಂದು ಫಜೀತಿ. ಗಂಡನ ಸಾಹಸಗಳನ್ನೆಲ್ಲ ಹೇಳಿದರು, ಆದರೆ ಹೆಸರು ಕೇಳಿದರೆ ಬಾಯಿಗೆ ಬೀಗ. ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೇವರ ಹೆಸರು ಎಂದು ಮಾತ್ರ ಸುಳಿವು ಕೊಟ್ಟರು. ರಾಮನಾ, ಕೃಷ್ಣನಾ, ನಾರಾಯಣನಾ, ವಾಸುದೇವನಾ ಎಂದು ನಾನು ಒಂದೊಂದೇ ಹೇಳುತ್ತ ಹೋದೆ, ಅವರು ಹೂವಿನಿಂದ ತಲೆಯೆತ್ತದೆ ಊಹೂಂ ಅನ್ನುತ್ತ ಹೋದರು. ಪದ್ಮನಾಭನಿಗೆ ಬಂದಾಗ ನಾಚಿ ನಕ್ಕರು. ಟೇಪು ಕೇಳಿದ ಕಾಮತ್ ಸರ್, ರೆಕಾರ್ಡಿಂಗಿಗೆ ಹೋಗಿದ್ದೆಯಾ, ಭಜನೆಗೆ ಹೋಗಿದ್ದೆಯಾ ಎಂದರು. ಆದರೆ ನಿಯಮದ ಪ್ರಕಾರ ಕತ್ತರಿಸುವ ಹಾಗಿರಲಿಲ್ಲ. ಆ ಭಜನೆ ಇನ್ನೂ ಉಂಟು.

ಕಥೆ ಸಂಗ್ರಹಿಸುವುದಕ್ಕಿಂತ ಉಳಿಸುವುದು ಕಷ್ಟ. ನಮ್ಮ ಮಳೆಗಾಲಕ್ಕೆ ಕ್ಯಾಸೆಟ್ಟು, ಪುಸ್ತಕ, ಚಪ್ಪಲಿ ಎಂಬ ಭೇದವಿಲ್ಲ, ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಕಪಾಟಿನೊಳಗೆ ಒಂದು ಬಲ್ಬು ಉರಿಸಿಟ್ಟು ಕ್ಯಾಸೆಟ್ಟುಗಳನ್ನು ಬೆಚ್ಚಗಿಡುತ್ತಿದ್ದೆವು. ಕರೆಂಟು ಹೋದರೆ ನನಗೇ ಚಳಿಯಾದಂತೆ ಆಗುತ್ತಿತ್ತು. ಆಮೇಲೆ ಸಿ.ಡಿ. ಬಂತು, ನೂರು ವರ್ಷ ಬಾಳುತ್ತದೆ ಎಂದರು. ನನ್ನ ಒಂದು ಕೊಡೆಯಷ್ಟೂ ಬಾಳಲಿಲ್ಲ. ಈಗ ಎಲ್ಲ ಹಾರ್ಡ್ ಡಿಸ್ಕಿನಲ್ಲಿದೆ, ಬೇರೆ ಬೇರೆ ಕಡೆ ಪ್ರತಿಗಳಿವೆ. ಹೊಸಬರಿಗೆ ನಾನು ಹೇಳುವುದಿಷ್ಟೇ, ಯಾವ ಡಬ್ಬಿಯನ್ನೂ ನಂಬಬೇಡಿ. ಆ ಮನೆಯ ನಾಲ್ಕು ಮಂದಿಯ ಬಾಯಲ್ಲಿ ಕಥೆ ಓಡಾಡುತ್ತಿದ್ದರೆ ಅದಕ್ಕಿಂತ ದೊಡ್ಡ ಕಪಾಟಿಲ್ಲ.

ಈ ಹಾರ್ಡ್ ಡಿಸ್ಕಿನ ಕಾಲದಲ್ಲಿ ಬಂದವನು ಬಸವರಾಜ. ಬಾಗಲಕೋಟೆ ಕಡೆಯವನು, ಯಂತ್ರಗಳ ಕೆಲಸದಲ್ಲಿ ಗಟ್ಟಿಗ, ಆದರೆ ತುಳು ಒಂದಕ್ಷರ ಬರುತ್ತಿರಲಿಲ್ಲ. ದಿನವಿಡೀ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತ ಕೇಳುತ್ತ ತಾನಾಗಿಯೇ ಕಲಿತುಬಿಟ್ಟ. ಕಲಿತದ್ದೆಲ್ಲ ತೊಂಬತ್ತು ದಾಟಿದ ಅಜ್ಜಿಯರಿಂದ. ಉಡುಪಿ ಮಾರ್ಕೆಟ್ಟಿನಲ್ಲಿ ಅವನು ಬಾಳೆಹಣ್ಣಿನ ಕ್ರಯ ಕೇಳಿದ ರೀತಿಗೆ ಅಂಗಡಿಯ ಹೆಂಗಸು ಬೆರಗಾಗಿ, ಇಷ್ಟು ಹಳೆಯ ಮಾತು ಎಲ್ಲಿ ಕಲಿತೆ, ನಿನ್ನ ಅಜ್ಜಿ ಯಾವ ಊರಿನವರು ಮಗಾ ಎಂದು ಕೇಳಿದರಂತೆ. ಒಬ್ಬರಲ್ಲ, ಬಹಳ ಮಂದಿ ಇದ್ದಾರೆ ಎಂದನಂತೆ ಇವನು.

ನನ್ನ ಸರ್ವಿಸಿನ ಕೊನೆಯ ವರ್ಷ ಕೆಮ್ಮಣ್ಣು ಎಂಬ ಊರಿನಿಂದ ಪುಷ್ಪಾ ಎಂಬವರು ಆಫೀಸಿಗೆ ಬಂದರು. ಉಡುಪಿಯ ಶಾಲೆಯೊಂದರಲ್ಲಿ ಟೀಚರು. ಅವರ ತಾಯಿ ಕಲ್ಯಾಣಿ ಅಮ್ಮನಿಗೆ ಗಂಟಲಿನ ಕಾಯಿಲೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಮಾತು ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಶನ್ ಮುಂದಿನ ವಾರ.

"ಅಮ್ಮನ ದೋಣಿಯ ಕಥೆ ಒಂದು ಉಂಟು. ನಾವೆಲ್ಲ ಅದನ್ನು ಕೇಳಿಯೇ ದೊಡ್ಡವರಾದದ್ದು" ಎಂದರು ಪುಷ್ಪಾ. "ಅದು ಅವರ ಸ್ವರದಲ್ಲೇ ಉಳಿಯಬೇಕು ವಸಂತಕ್ಕ. ಮತ್ತೆ ಸಿಗುವುದಿಲ್ಲ ಅಲ್ವಾ?"

ಮರುದಿನವೇ ಕಲ್ಯಾಣಿ ಅಮ್ಮನನ್ನು ಮಣಿಪಾಲಕ್ಕೆ ಕರೆತಂದರು. ಗಟ್ಟಿ ಮೈಕಟ್ಟಿನ, ಕಣ್ಣಲ್ಲೇ ನಗುವ ಹೆಂಗಸು. ಸ್ವರ ಒಡೆದಿತ್ತು, ಆದರೆ ಇನ್ನೂ ಜೋರಿತ್ತು. ನಿಯಮದಂತೆ ಒಂದು ಕೋಣೆ, ಒಬ್ಬರು, ಒಂದು ಧ್ವನಿ. ರೆಕಾರ್ಡಿಂಗ್ ಶುರುಮಾಡಿ ನಾನು ಕೈಸನ್ನೆ ಮಾಡಿದೆ. ಅವರು ಹೇಳಿದ್ದಿಷ್ಟು: ನನ್ನ ತವರು ಹೊಳೆಯ ನಡುವಿನ ಕುದ್ರು. ಮದುವೆಗೆ ದೋಣಿಯಲ್ಲಿ ಬಂದೆ. ದೋಣಿ ಕೆಸರಿನಲ್ಲಿ ಸಿಕ್ಕಿತು. ನಾನೇ ಇಳಿದು ದೂಡಿದೆ. ಮದುವೆ ಆಯಿತು.

ಒಂದು ನಿಮಿಷವೂ ಆಗಲಿಲ್ಲ. ಗಾಜಿನಾಚೆ ಕೂತಿದ್ದ ಪುಷ್ಪಾ ಅಳತೊಡಗಿದರು. ಇದು ಆ ಕಥೆ ಅಲ್ಲವೇ ಅಲ್ಲ ಎಂದರು. ಅವರು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಥವಾಯಿತು. ಆ ಮನೆಯಲ್ಲಿ ದೋಣಿಯ ಕಥೆಯನ್ನು ಒಬ್ಬರು ಹೇಳುವ ಕ್ರಮವೇ ಇರಲಿಲ್ಲ. ಕಲ್ಯಾಣಿ ಅಮ್ಮನಿಗೆ ಗಿರಿಜಕ್ಕ ಎಂಬ ನಾದಿನಿ. ಮದುವೆಯ ದಿನ ಮದುಮಗಳನ್ನು ಕರೆತರಲು ಹೋದವರ ಜೊತೆ ಪುಟ್ಟ ಹುಡುಗಿಯಾಗಿ ಆಕೆಯೂ ದೋಣಿಯಲ್ಲಿದ್ದಳು. ಈಗ ಕಾರ್ಕಳದಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾರೆ. ಯಾವ ಶುಭಕಾರ್ಯವಿರಲಿ, ಊಟವಾದ ಮೇಲೆ ಗಿರಿಜಕ್ಕ ಕಥೆ ಶುರುಮಾಡುವುದು, ಕಲ್ಯಾಣಿ ಅಮ್ಮ ಹಾಗಲ್ಲ ಮಾರಾಯ್ತಿ ಎಂದು ನಡುವೆ ಹಾರುವುದು. ದೋಣಿ ದೂಡಿದ್ದು ನಾನು ಎಂದು ಇವರು, ನೀವು ಗೊಂಬೆಯ ಹಾಗೆ ಕೂತಿದ್ದಿರಿ, ಅಣ್ಣನೇ ಕೆಸರಿಗಿಳಿದು ಎತ್ತಿಕೊಂಡು ಬಂದದ್ದು ಎಂದು ಅವರು. ಮದುಮಗನಾಗಿದ್ದವರು, ಈಗ ತೀರಿಹೋಗಿದ್ದಾರೆ, ಯಾರು ಕೇಳಿದರೂ ಇಬ್ಬರು ಹೇಳುವುದೂ ಸರಿ ಎಂದು ವೀಳ್ಯ ಹಾಕಿಕೊಂಡು ಎದ್ದುಹೋಗುತ್ತಿದ್ದರಂತೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವರಿಬ್ಬರೂ ಮಾತು ಬಲ್ಲವರೇ, ಜಗಳವಿಲ್ಲದೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಹಾಗಾದರೆ ಗಿರಿಜಕ್ಕನನ್ನು ಕರೆಸಿ ಎಂದೆ. ಪುಷ್ಪಾ ಫೋನ್ ಮಾಡಿದರೆ ಅವರು ಬರುವುದಿಲ್ಲವೆಂದರು. ಅತ್ತಿಗೆಯ ಕಥೆ ಆಗಲೇ ರೆಕಾರ್ಡ್ ಆಗಿದೆಯಲ್ಲ, ಇನ್ನು ನಾನೆಂತಕ್ಕೆ ಎಂದು ಫೋನ್ ಇಟ್ಟರಂತೆ. ಒಬ್ಬರನ್ನು ಮಾತ್ರ ಕೂರಿಸಿದ್ದು ಅವರಿಗೆ ಚುಚ್ಚಿತ್ತು. ನಾನೇ ಕಾರ್ಕಳಕ್ಕೆ ಹೊರಟೆ. ಒಬ್ಬರು ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಕೇಳಿಸುವ ಹಾಗಿಲ್ಲ, ಆದ್ದರಿಂದ ಬಸ್ ಹತ್ತುವ ಮೊದಲು ಕಲ್ಯಾಣಿ ಅಮ್ಮನನ್ನು ಕೇಳಿದೆ. ಧಾರಾಳ ಕೇಳಿಸಿ, ಅವಳಿಗೆ ಸ್ವಲ್ಪ ಹೊಟ್ಟೆ ಉರಿಯಲಿ ಎಂದರು.

ಗಿರಿಜಕ್ಕ ಬೆಲ್ಲ ನೀರು ಕೊಟ್ಟರು, ಮುಖ ಕೊಡಲಿಲ್ಲ. ನಾನು ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟು ಕಲ್ಯಾಣಿ ಅಮ್ಮನ ಮಾತು ಹಾಕಿದೆ. ನಾನೇ ಇಳಿದು ದೂಡಿದೆ ಎಂಬ ಮಾತು ಬಂದದ್ದೇ ತಡ, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಯಂತ್ರಕ್ಕೇ ಉತ್ತರ ಕೊಡತೊಡಗಿದರು.

"ಎಂತ ದೂಡಿದ್ದು? ಕೈಯಲ್ಲಿ ಮದರಂಗಿ, ತಲೆ ತುಂಬ ಮಲ್ಲಿಗೆ. ದೂಡಿದ್ದಂತೆ!"

ಮದುವೆ ಆಯಿತು ಎಂದು ಹೇಳಿ ಯಂತ್ರ ಸುಮ್ಮನಾಯಿತು. ಗಿರಿಜಕ್ಕ ಇನ್ನೂ ಏನೋ ಬರುತ್ತದೆಂದು ಕಾದರು. ಬರಲಿಲ್ಲ. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದೆ. ಅವರ ಕಣ್ಣು ತುಂಬಿತು. ಇಷ್ಟು ಸಣ್ಣದಾ ಅತ್ತಿಗೆಯ ಮಾತು ಎಂದು ಮೆಲ್ಲಗೆ ಹೇಳಿ, ಒಳಗೆ ಹೋಗಿ ಸೀರೆ ಬದಲಿಸಿ ಬಂದು, ನಡೆಯಿರಿ ಎಂದರು.

ಆಪರೇಶನ್ನಿಗೆ ಎರಡು ದಿನ ಇರುವಾಗ ಕೆಮ್ಮಣ್ಣಿನ ಮನೆಯ ಜಗಲಿಯಲ್ಲಿ ಕೂತೆವು. ಕಾಮತ್ ಸರ್ ರಿಟೈರ್ ಆಗಿ ಬಹಳ ಕಾಲವಾಗಿತ್ತು, ಆದರೂ ಈ ಸಂಗತಿ ಕಿವಿಗೆ ಬಿದ್ದು ಹೆಡ್‌ಫೋನ್ ಸಮೇತ ಹಾಜರಾದರು. ನಾದಿನಿ ಅತ್ತಿಗೆ ಎದುರುಬದುರು ಕೂತು, ಸುಮ್ಮನೆ ಕೂರಲಾರದೆ ತೆಂಗಿನ ಗರಿ ಸೀಳಿ ಹಿಡಿಸೂಡಿಗೆ, ಅಂದರೆ ಪೊರಕೆಗೆ, ಕಡ್ಡಿ ತೆಗೆಯತೊಡಗಿದರು. ಮಾತು ಶುರುವಾಯಿತು, ಒಂದರ ಮೇಲೊಂದು ಬಿತ್ತು. ಕಾಮತ್ ಸರ್ ಕೈ ಎತ್ತಿ, ದಯವಿಟ್ಟು ಒಬ್ಬರಾದ ಮೇಲೆ ಒಬ್ಬರು ಎಂದರು. ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರು. ನೀನು ಹೇಳು ಎಂದು ಇವರು, ನೀವೇ ಹೇಳಿ ಎಂದು ಅವರು. ಕೆಲಸ ಕೆಟ್ಟಿತು ಎಂದುಕೊಂಡೆ.

ಬಸವರಾಜ ಚೀಲದಿಂದ ಎರಡು ಸಣ್ಣ ಕಾಲರ್ ಮೈಕ್ ತೆಗೆದ. "ಇಬ್ಬರ ಸೆರಗಿಗೂ ಒಂದೊಂದು ಹಚ್ಚೋಣ್ರೀ ಸರ್. ಇಬ್ಬರ ದನಿನೂ ಬ್ಯಾರೆ ಬ್ಯಾರೆ ದಾರ್‍ಯಾಗ ಕೂಡ್ತದ. ಕೇಳೂ ಮುಂದ ಬೇಕಾದ್ರ ಕೂಡಿಸಿ ಕೇಳಬಹುದು, ಬ್ಯಾಡಂದ್ರ ಬಿಡಿಸಿ ಕೇಳಬಹುದು."

ಕಾಮತ್ ಸರ್ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟು, ನಿಮ್ಮ ಮನೆಯ ಕ್ರಮದಲ್ಲೇ ಆಗಲಿ ಎಂದರು. ಅಷ್ಟು ವರ್ಷಗಳ ನಿಯಮ ಆ ಜಗಲಿಯಲ್ಲಿ ಅವರ ಕೈಯಿಂದಲೇ ಮುರಿಯಿತು. ಮುರಿದವರ ಮುಖದಲ್ಲಿ ಬೇಸರವಿರಲಿಲ್ಲ, ಊಟಕ್ಕೆ ಎಲೆ ಹಾಕಿದಾಗಿನ ಉತ್ಸಾಹವಿತ್ತು.

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯಲಾರೆ, ಅದು ಕೇಳಬೇಕಾದದ್ದು. ಅವರ ತುಳುವನ್ನು ಇಲ್ಲಿ ಕನ್ನಡ ಮಾಡಿದ್ದೇನೆ. ಮುಹೂರ್ತ ಮೀರುತ್ತಿತ್ತು, ಹೊಳೆಯ ನೀರು ಇಳಿದಿತ್ತು, ದಡದಲ್ಲಿ ವಾಲಗದವರು ಊದಿ ಊದಿ ದಣಿದಿದ್ದರು. ಇಲ್ಲಿಯವರೆಗೆ ಇಬ್ಬರದೂ ಒಂದೇ ಕಥೆ. ದೋಣಿ ಕೆಸರಿಗೆ ಸಿಕ್ಕಿದ್ದೇ ಯುದ್ಧ. ಹಾಗಲ್ಲ ಮಾರಾಯ್ತಿ, ದೂಡಿದ್ದು ನಾನು ಎಂದರು ಕಲ್ಯಾಣಿ ಅಮ್ಮ, ಆ ಒಡೆದ ಸ್ವರವನ್ನು ಏರಿಸಿ. ನೀನು ಬಾಳೆಹಣ್ಣು ತಿಂದು ನನ್ನ ಮಡಿಲಲ್ಲಿ ನಿದ್ದೆ ಹೊಡೆದಿದ್ದಿ. ನಿದ್ದೆಯಲ್ಲಿದ್ದವಳಿಗೆ ಅಣ್ಣನ ಮುಂಡುಪಂಚೆಯ ಕೆಸರು ಕಂಡದ್ದು ಹೇಗೆ ಎಂದು ಗಿರಿಜಕ್ಕ. ನನ್ನ ಸೀರೆಯ ಕೆಸರು ಕಾಣಲಿಲ್ಲವಾ ಎಂದು ಇವರು. ತೀರ್ಪು ಹೇಳಿ ಎಂದು ಇಬ್ಬರೂ ಕಾಮತ್ ಸರ್ ಕಡೆ ತಿರುಗಿದರು. ಎರಡು ಜಡೆಗಳ ನಡುವೆ ಸಿಕ್ಕಿದ ಗಂಡಸು ಮಾಡುವುದನ್ನೇ ಅವರೂ ಮಾಡಿದರು. ಚಹಾ ಚೆನ್ನಾಗಿದೆ ಎಂದರು.

ನಗು ನಿಂತ ಮೇಲೆ ಗಿರಿಜಕ್ಕ ಪಟ್ಟು ಬಿಡದೆ ಹೇಳಿದರು. "ಅಣ್ಣ ಎತ್ತಿಕೊಂಡು ಬಂದದ್ದು ನನಗೆ ಸರಿಯಾಗಿ ನೆನಪುಂಟು ಅತ್ತಿಗೆ. ಕೆಂಪು ಸೀರೆಯ ಸೆರಗು, ಕೆಳಗೆ ಕೆಸರು, ಅಣ್ಣನ ಉಸಿರು. ಎಲ್ಲ ನೆನಪುಂಟು."

ಕಲ್ಯಾಣಿ ಅಮ್ಮನ ಕೈಯ ಗರಿ ನಿಂತಿತು.

"ಎತ್ತಿಕೊಂಡದ್ದು ಹೌದು. ನನ್ನನ್ನಲ್ಲ, ನಿನ್ನನ್ನು. ಕೆಸರು ನೋಡಿ ಹೆದರಿ ನೀನು ಅಳುತ್ತಾ ಇದ್ದಿ. ನನ್ನ ಸೆರಗು ಬಿಡಲಿಕ್ಕೇ ಇಲ್ಲ. ಅವರು ದಡದಿಂದ ಇಳಿದು ಬಂದು ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡರು. ನಾನು ಹಿಂದಿನಿಂದ ದೋಣಿ ದೂಡಿದೆ. ಹುಡುಗಿ ಅತ್ತದ್ದು ಯಾರಿಗೂ ಹೇಳುವುದು ಬೇಡ ಎಂದಿದ್ದರು. ಹೇಳಲಿಲ್ಲ."

ಪುಷ್ಪಾ ಕೂಡ ಇದನ್ನು ಕೇಳಿದ್ದು ಅಂದೇ ಮೊದಲು. ಗಿರಿಜಕ್ಕ ಅತ್ತಿಗೆಯ ಮುಖವನ್ನೇ ನೋಡುತ್ತ ಕೂತರು, ಕಣ್ಣೀರು ಕೆನ್ನೆಗಿಳಿಯಿತು. ಆಮೇಲೆ ಮೂಗೊರೆಸಿಕೊಂಡು, ಅದೂ ಸುಳ್ಳು ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಕಲ್ಯಾಣಿ ಅಮ್ಮ. ಅವರ ನಗುವಿನ ಸದ್ದು ಆ ರೆಕಾರ್ಡಿನ ಕೊನೆಯಲ್ಲಿದೆ, ಕೆಮ್ಮಿನ ಸಮೇತ.

ಆಪರೇಶನ್ ಚೆನ್ನಾಗಿ ಆಯಿತು. ಕೆಲವು ತಿಂಗಳಲ್ಲಿ ನಾನೂ ರಿಟೈರ್ ಆದೆ. ಮಳೆ ಕಡಿಮೆಯಾದ ಮೇಲೆ ಒಂದು ದಿನ ಪುಷ್ಪಾ ಫೋನ್ ಮಾಡಿದರು. ಅಮ್ಮ ದಿನಾ ಆ ರೆಕಾರ್ಡ್ ಹಾಕಿಸಿಕೊಂಡು ಕೇಳುತ್ತಾರೆ, ಒಂದು ಜಾಗ ಬಂದಾಗ ನನ್ನ ಕೈ ತಟ್ಟುತ್ತಾರೆ, ಹಿಂದಕ್ಕೆ ಹಾಕಿಸುತ್ತಾರೆ, ಮತ್ತೆ ಅದೇ ಜಾಗಕ್ಕೆ ಕೈ ತಟ್ಟುತ್ತಾರೆ, ಅಷ್ಟನ್ನೇ ತೆಗೆದು ಕೊಡಬೇಕಂತೆ ಎಂದರು. ಗುಟ್ಟು ಹೊರಬಂದ ಆ ಮಾತಿರಬೇಕು ಎಂದುಕೊಂಡೆ. ಅಲ್ಲ. ಅವರಿಗೆ ಬೇಕಾಗಿದ್ದದ್ದು ಹಾಗಲ್ಲ ಮಾರಾಯ್ತಿ, ದೂಡಿದ್ದು ನಾನು ಎಂಬ ಮಾತೊಂದೇ.

ಕತ್ತರಿಸಬಾರದೆಂಬ ನಿಯಮವನ್ನು ಜೀವಮಾನವಿಡೀ ಪಾಲಿಸಿದವಳು ನಾನು. ಕಾಮತ್ ಸರ್ ಮನೆಗೆ ಹೋಗಿ ಕೇಳಿದೆ. ಮೂಲವನ್ನು ಮುಟ್ಟಬೇಡ, ನಕಲಿನಿಂದ ಕತ್ತರಿಸು, ಬೇಗ ಕತ್ತರಿಸು ಎಂದರು. ಕಲ್ಯಾಣಿ ಅಮ್ಮನ ಸ್ವರ ತನ್ನದೇ ದಾರಿಯಲ್ಲಿ ಬೇರೆಯಾಗಿ ಕೂತಿದ್ದರಿಂದ ಬಸವರಾಜನಿಗೆ ಅದನ್ನು ಚೊಕ್ಕವಾಗಿ ಬಿಡಿಸಿ ತೆಗೆಯಲು ಕಷ್ಟವಾಗಲಿಲ್ಲ. ಉಡುಪಿಯ ಆಟಿಕೆ ಅಂಗಡಿಯಿಂದ ಒತ್ತಿದರೆ ಮಾತಾಡುವ ಒಂದು ಕೆಂಪು ಗುಂಡಿ ತಂದು ಅದರಲ್ಲಿ ತುಂಬಿಸಿದ.

ಪುಷ್ಪಾ ಅವರ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಾನು, ಬಸವರಾಜ ಕೆಮ್ಮಣ್ಣಿಗೆ ಹೋಗಿ ಗುಂಡಿ ಕೊಟ್ಟೆವು. ಕಲ್ಯಾಣಿ ಅಮ್ಮ ಅದನ್ನು ಸೆರಗಿನೊಳಗೆ ಅಡಗಿಸಿ ಕಣ್ಣು ಮಿಟುಕಿಸಿದರು. ಊಟವಾಯಿತು. ಹೊಸ ನೆಂಟರು ಕೇಳಿದರೆಂದು ಗಿರಿಜಕ್ಕ ದೋಣಿಯ ಕಥೆ ಶುರುಮಾಡಿದರು. ಆದರೆ ಅದರಲ್ಲಿ ಜೀವ ಇರಲಿಲ್ಲ. ಎದುರಾಡುವವರಿಲ್ಲದೆ ಅವರು ನಡುನಡುವೆ ತಡೆಯುತ್ತಿದ್ದರು, ಅತ್ತಿಗೆಯ ಕಡೆ ನೋಡಿ ನೋಟ ತಪ್ಪಿಸುತ್ತಿದ್ದರು. ದೋಣಿ ಕೆಸರಿಗೆ ಸಿಕ್ಕಿತು. ಅತ್ತಿಗೆ ಗೊಂಬೆಯ ಹಾಗೆ ಕೂತಿದ್ದರು ಎಂದು ತಗ್ಗಿದ ಸ್ವರದಲ್ಲಿ ಹೇಳಿ ನಿಂತರು.

"ಹಾಗಲ್ಲ ಮಾರಾಯ್ತಿ, ದೂಡಿದ್ದು ನಾನು."

ಇಡೀ ಜಗಲಿ ತಿರುಗಿ ನೋಡಿತು. ಕಲ್ಯಾಣಿ ಅಮ್ಮನ ಭುಜ ನಗುವಿಗೆ ಕುಣಿಯುತ್ತಿತ್ತು, ಸದ್ದಿರಲಿಲ್ಲ. ಗಿರಿಜಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಅತ್ತರೋ ನಕ್ಕರೋ ಹೇಳಲಾರೆ, ಎರಡೂ ಇತ್ತು. ಆಮೇಲೆ ಎದ್ದು ಬಂದು ಅತ್ತಿಗೆಯ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತರು.

"ಕೇಳಿದಿರಲ್ಲ? ಇವರಿಗೆ ಇನ್ನೂ ಬುದ್ಧಿ ಬಂದಿಲ್ಲ. ಮೊದಲಿನಿಂದ ಹೇಳ್ತೇನೆ, ಸರಿಯಾಗಿ ಕೇಳಿ" ಎಂದು ನೆಂಟರಿಗೆ ಹೇಳಿ, ಸ್ವರ ಏರಿಸಿ ಕಥೆಯನ್ನು ಮತ್ತೆ ಕುದ್ರುವಿನಿಂದಲೇ ಹೊರಡಿಸಿದರು. ಕಲ್ಯಾಣಿ ಅಮ್ಮ ಗುಂಡಿಯ ಮೇಲೆ ಬೆರಳಿಟ್ಟು, ದೋಣಿ ಕೆಸರಿಗೆ ಬರುವುದನ್ನೇ ಕಾಯುತ್ತ ಕೂತರು.